ಇಸ್ತಾಂಬುಲ್, ಕೊನ್ಯಾ ಮತ್ತು ಚಂದ್ರನ 28 ಮನೆಗಳು

ಅಕ್ಕನ ಕೈವಾರ ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಉಳಿದುಹೋಯಿತು. ಹಿತ್ತಾಳೆಯದ್ದು, ಹಳೇದು. ವಿಜಯಪುರದ ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿಕೊಟ್ಟ ಕೈಯಲ್ಲಿ ಸವೆದದ್ದು. ಮೊನೆ ಚೂಪಾಗಿದೆ, ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ ಅಂದರು. ಇಂಥ ಸಾಮಾನಿದ್ದರೆ ಮೊದಲೇ ದೊಡ್ಡ ಬ್ಯಾಗಿಗೆ ಹಾಕಿಬಿಡಿ. ನಮಗೆ ಅದು ತೋಚಲಿಲ್ಲ. ವಿಮಾನ ಹತ್ತಿದ ಮೇಲೂ ಅಕ್ಕ ಎರಡು ತಾಸು ಮಾತಾಡಲಿಲ್ಲ.

ನಾವು ಹೊರಟಿದ್ದೇ ವೃತ್ತಗಳನ್ನು ನೋಡಲು. ಇಬ್ನ್ ಅರಬಿ ಎಂಬ ಸೂಫಿ ಗುರು 1165ರಲ್ಲಿ ಸ್ಪೇನಿನ ಮುರ್ಸಿಯಾದಲ್ಲಿ ಹುಟ್ಟಿ, ಊರೂರು ಸುತ್ತಿ, 1240ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡರು. ಅವರ ‘ಫುತೂಹಾತ್ ಅಲ್ ಮಕ್ಕಿಯ್ಯಾ’ 560 ಅಧ್ಯಾಯಗಳ ಗ್ರಂಥ. ಅದರ 371ನೇ ಅಧ್ಯಾಯದಲ್ಲಿ ಅವರು ಬರೀ ಮಾತಿನಲ್ಲಿ ಹೇಳುವುದನ್ನು ನಿಲ್ಲಿಸಿ ಕೈವಾರ ಹಿಡಿಯುತ್ತಾರೆ. ದೇವರ ಸಿಂಹಾಸನ, ಅದರ ಕೆಳಗಿನ ಪಾದಪೀಠ, ನಕ್ಷತ್ರಗಳ ಆಕಾಶ, ಸ್ವರ್ಗ, ನರಕ, ತೀರ್ಪಿನ ದಿನ ಎಲ್ಲರೂ ಸೇರುವ ಬಯಲು, ಎಲ್ಲವನ್ನೂ ಗೆರೆ ಮತ್ತು ವೃತ್ತಗಳಲ್ಲಿ ತೋರಿಸುತ್ತಾರೆ.

ಎರಡು ವರ್ಷದ ಹಿಂದೆ ಇಂಥ ಒಂದು ಚಿತ್ರವನ್ನು ಅಕ್ಕನಿಗೆ ಮೊಬೈಲಿನಲ್ಲಿ ತೋರಿಸಿದ್ದೆ. ಕನ್ನಡಕ ಏರಿಸಿ ನೋಡಿ ಒಂದೇ ಪ್ರಶ್ನೆ ಕೇಳಿದಳು. “ಇದನ್ನ ಯಾರಿಗೆ ತಿಳಿಸಾಕ ತಗದಾರೋ ತಮ್ಮಾ? ಸುಮ್ನೆ ಚಂದಕ್ಕ ತಗದಿದ್ದಲ್ಲ ಇದು.” ಬೋರ್ಡಿನ ಮೇಲೆ ಸಾವಿರ ಸಲ ವೃತ್ತ ಎಳೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಅಲ್ಲಿಂದಲೇ ಈ ಪ್ರವಾಸ ಶುರುವಾಯಿತು ಅನ್ನಬೇಕು.

ಮೊದಲ ದಿನ

ನವೆಂಬರ್ ತಿಂಗಳು. ಇಸ್ತಾಂಬುಲ್‌ನಲ್ಲಿ ಜಿಟಿಜಿಟಿ ಮಳೆ, ಸಮುದ್ರದ ಕಡೆಯಿಂದ ಚಳಿಗಾಳಿ. ಇಸ್ತಾಂಬುಲ್ ಕಾರ್ಡ್ ಒಂದೇ ತಗೊಂಡು ಎರಡು ಸಲ ತಾಗಿಸಿದರೆ ಇಬ್ಬರೂ ಟ್ರಾಮ್ ಹತ್ತಬಹುದು, ನಾವು ಹಾಗೇ ಮಾಡಿದೆವು. ಸುಲ್ತಾನ್ ಅಹ್ಮೆತ್ ಚೌಕದಲ್ಲಿ ಇಳಿದರೆ ಒಂದು ಕಡೆ ನೀಲಿ ಮಸೀದಿ, ನಡುವೆ ಈಜಿಪ್ಟಿನಿಂದ ತಂದ ಕಲ್ಲಿನ ಕಂಬ, ಇನ್ನೊಂದು ಕಡೆ ಇಬ್ರಾಹಿಂ ಪಾಷಾನ ಹಳೇ ಅರಮನೆ. ತುರ್ಕಿ ಮತ್ತು ಇಸ್ಲಾಮಿಕ್ ಕಲೆಗಳ ಮ್ಯೂಸಿಯಂ ಇರುವುದು ಈ ಅರಮನೆಯಲ್ಲೇ.

ಇಬ್ನ್ ಅರಬಿ ಸ್ವಂತ ಕೈಯಿಂದ ಬರೆದ ಫುತೂಹಾತ್‌ನ 37 ಸಂಪುಟಗಳು ಈ ಮ್ಯೂಸಿಯಂನ ಸ್ವತ್ತು. ಗ್ರಂಥವನ್ನು ಅವರು ಶುರು ಮಾಡಿದ್ದು 1202ರಲ್ಲಿ, ಮಕ್ಕಾದಲ್ಲಿ. ಒಮ್ಮೆ ಬರೆದು ಮುಗಿಸಿದ ಮೇಲೂ ಸಮಾಧಾನವಾಗದೆ ಮತ್ತೆ ಮೊದಲಿನಿಂದ ಬರೆದರು. ಆ ಎರಡನೇ ಬರಹ 1238ರಲ್ಲಿ ದಮಾಸ್ಕಸ್‌ನಲ್ಲಿ ಮುಗಿಯಿತು. ಆಗ ಅವರಿಗೆ 73 ವರ್ಷ. ಅದು ಶಿಷ್ಯ ಸದ್ರುದ್ದೀನ್ ಕೊನೆವಿಯವರ ಕೈಸೇರಿ ಈಗಿನ ತುರ್ಕಿಯ ನಡುಭಾಗದ ಕೊನ್ಯಾ ಊರಿಗೆ ಹೋಯಿತು. ಅಲ್ಲಿ ಅವರ ಗ್ರಂಥಾಲಯದಲ್ಲಿ ಶತಮಾನಗಳ ಕಾಲ ಇದ್ದು, ಕೊನೆಗೆ ಇಸ್ತಾಂಬುಲ್‌ಗೆ ಬಂತು.

ನಾವು ಹೋದ ದಿನ ಆ ಸಂಪುಟಗಳು ಪ್ರದರ್ಶನದಲ್ಲಿರಲಿಲ್ಲ. ಅಷ್ಟು ಹಳೇ ಕಾಗದವನ್ನು ಸದಾ ಬೆಳಕಿಗೆ ಇಡುವುದು ಸರಿಯೂ ಅಲ್ಲ, ಅದು ಒಳಗಿರಬೇಕಾದ್ದೇ. ಆದರೆ ಮುಂಚೆಯೇ ಒಂದು ಮೇಲ್ ಹಾಕಿ ಕೇಳಬೇಕಿತ್ತು. ಇದೇ ಕಟ್ಟಡದಲ್ಲಿ, ಯಾವುದೋ ಗೋಡೆಯ ಆಚೆ ಅವು ಇರಬಹುದು ಅಂದುಕೊಂಡು ಸ್ವಲ್ಪ ಹೊತ್ತು ನಿಂತೆ. ಅಕ್ಕ ಮಾತ್ರ ದೊಡ್ಡ ಹಾಲ್‌ನಲ್ಲಿ ರತ್ನಗಂಬಳಿಗಳ ಮುಂದೆ ಕೂತುಬಿಟ್ಟಳು. ಕೊನ್ಯಾದ ಅಲಾವುದ್ದೀನ್ ಮಸೀದಿಯಲ್ಲಿ ಸಿಕ್ಕ 13ನೇ ಶತಮಾನದ ಗಂಬಳಿಗಳು ಅವು. ಇಬ್ನ್ ಅರಬಿಯ ಶಿಷ್ಯರು ಬದುಕಿದ್ದ ಕಾಲದವು. “ಅವರು ಇದರ ಮ್ಯಾಲೆ ಕೂತಿರಬಹುದಲ್ಲೋ” ಅಂದಳು.

ಸಂಜೆ ಒಂದು ಚಹಾದಂಗಡಿಯಲ್ಲಿ ಯಾವ ಊರು ಅಂತ ಮಾಲೀಕರು ಕೇಳಿದರು. ಬಿಜಾಪುರ ಅಂದೆ. ನಮ್ಮ ಆದಿಲ್ ಶಾಹಿ ಮನೆತನದ ಮೂಲಪುರುಷ ಯೂಸುಫ್, ಒಟ್ಟೋಮನ್ ಸುಲ್ತಾನ ಎರಡನೇ ಮುರಾದನ ಮಗ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ, ಆದರೆ ಇಂದಿನ ವಿದ್ವಾಂಸರು ಅದನ್ನು ಅಷ್ಟು ನಂಬುವುದಿಲ್ಲ ಅಂತ ಮೊಬೈಲ್ ಅನುವಾದಕ ಹಿಡಿದು ಹೇಳಿದೆ. ಅವರು ನಂಬಿದರು. ಎರಡನೇ ಲೋಟ ಚಹಾಕ್ಕೆ ದುಡ್ಡು ತಗೊಳ್ಳಲಿಲ್ಲ.

ಎರಡನೇ ದಿನ

ಬೆಯಾಜಿತ್‌ನಲ್ಲಿ ಟ್ರಾಮ್ ಇಳಿದು ಸಹಾಫ್ಲಾರ್ ಎಂಬ ಹಳೇ ಪುಸ್ತಕದ ಓಣಿಯಿಂದ ಹಾದುಹೋದೆವು. ಒಂದು ಅಂಗಡಿಯವರು ‘ಮಾರಿಫೆತ್‌ನಾಮೆ’ಯ ಅಚ್ಚಿನ ಪ್ರತಿ ಬಿಚ್ಚಿ ತೋರಿಸಿದರು. ಎರ್ಜುರುಮ್‌ನ ಇಬ್ರಾಹಿಂ ಹಕ್ಕಿ 1757ರಲ್ಲಿ ಬರೆದದ್ದು. ಅದರಲ್ಲಿ ಏಳು ಆಕಾಶ, ಏಳು ಪದರದ ನರಕ, ಭೂಮಿಯನ್ನು ಸುತ್ತುವರಿದ ಕಾಫ್ ಬೆಟ್ಟ ಎಲ್ಲ ಇದೆ. ಅದೇ ಪುಸ್ತಕದಲ್ಲಿ ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಎಂಬ ಹೊಸ ಖಗೋಳವನ್ನೂ ಆತ ವಿವರಿಸಿದ್ದಾನೆ. ಒಂದನ್ನು ಹೇಳಲು ಇನ್ನೊಂದನ್ನು ಹರಿದು ಹಾಕಲಿಲ್ಲ. ನನಗೆ ಈ ಮನುಷ್ಯ ತುಂಬಾ ಇಷ್ಟ.

ಇಲ್ಲೊಂದು ಮಾತು ಹೇಳಲೇಬೇಕು. ಪ್ರವಾಸಿಗರು ಓಡಾಡುವ ಬೀದಿಗಳಲ್ಲಿ ಹಳೇ ಹಸ್ತಪ್ರತಿಯ ಬಿಡಿ ಹಾಳೆಗಳನ್ನು ಚೌಕಟ್ಟು ಹಾಕಿ ಮಾರುತ್ತಾರೆ. ಮೇಲೆ ಆಕಾಶ, ರಾಶಿಚಕ್ರ, ದೂರದರ್ಶಕ ಹಿಡಿದ ಪಂಡಿತರು, ನೋಡಲು ಬಹಳ ಚಂದ. ಹತ್ತಿರ ಹೋಗಿ ನೋಡಿ. ಬಣ್ಣ ಅಕ್ಷರದ ಮೇಲೆ ಹರಿದಿರುತ್ತದೆ. ಕೆಳಗಿನ ಬರಹ ನಮಾಜಿನ ನಿಯಮವೋ ಆಸ್ತಿ ಹಂಚಿಕೆಯೋ ಆಗಿರುತ್ತದೆ, ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಯಾವುದೋ ಒಳ್ಳೇ ಪುಸ್ತಕವನ್ನು ಬಿಡಿಸಿ, ಅದರ ಹಾಳೆಯ ಮೇಲೆ ಹೊಸದಾಗಿ ಬರೆದ ಚಿತ್ರ ಅದು. ಕೊಂಡರೆ ಇನ್ನೊಂದು ಪುಸ್ತಕ ಹರಿಯುತ್ತದೆ. ನಿಜವಾದ ಹಳೇ ಹಾಳೆಯಾದರೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ ಕೂಡ. ದಯವಿಟ್ಟು ಬೇಡ.

ಅಲ್ಲಿಂದ ಸುಲೇಮಾನಿಯೆಗೆ ನಡೆದೆವು. ಮಸೀದಿಯ ಪಕ್ಕದ ಹಳೇ ಮದರಸಾದಲ್ಲಿ ಗ್ರಂಥಾಲಯ. ಪಾಸ್‌ಪೋರ್ಟ್ ತೋರಿಸಿದೆವು. ಓದುವುದು ಕಂಪ್ಯೂಟರಿನಲ್ಲಿ, ಮೂಲ ಪ್ರತಿಯನ್ನು ಮುಟ್ಟುವ ಹಾಗಿಲ್ಲ. ಅಕ್ಕನಿಗೆ ಮೊದಲು ಬೇಸರವಾಯಿತು. ಆಮೇಲೆ ಗೊತ್ತಾಯಿತು, ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಬಹುದು. ಕಣ್ಣಿಗೆ ಕಾಣದ್ದು ಅಲ್ಲಿ ಕಾಣುತ್ತದೆ.

ನಮ್ಮ ಪಕ್ಕದಲ್ಲಿ ಸರಾಯೆವೋದಿಂದ ಬಂದ ಒಬ್ಬ ಹುಡುಗಿ ಕೂತಿದ್ದಳು. ಸಂಶೋಧನೆ ಮಾಡುತ್ತಿದ್ದಾಳೆ. ನಮಗೆ ಅರಬ್ಬಿ ಬರುವುದಿಲ್ಲ ಅಂತ ತಿಳಿದದ್ದೇ ತನ್ನ ಕೆಲಸ ಬಿಟ್ಟು ಕುರ್ಚಿ ಎಳೆದುಕೊಂಡು ಬಂದಳು. ಪಿಸುದನಿಯಲ್ಲಿ ಮೂರು ತಾಸು ಪಾಠ.

ಅವಳ ಲ್ಯಾಪ್‌ಟಾಪಿನಲ್ಲಿ ಇಬ್ನ್ ಅರಬಿಯ ಕೈಬರಹದ ಆ ಬಯಲಿನ ಚಿತ್ರ ಇತ್ತು. ತೀರ್ಪಿನ ದಿನದ ಬಯಲು. ಕಂದು ಬಣ್ಣದ ಕಾಗದ, ಕೈಯಿಂದ ಎಳೆದ ವೃತ್ತಗಳು, ಗೆರೆಗಳು. ಇಲ್ಲಿ ಸಿಂಹಾಸನ, ಇಲ್ಲಿ ಸಾಲುಸಾಲು ದೇವದೂತರು, ಇಲ್ಲಿ ಸಜ್ಜನರ ಪೀಠಗಳು, ಇಲ್ಲಿ ತಕ್ಕಡಿ ಅಂತ ಅವಳು ಬೆರಳು ಇಡುತ್ತಾ ಹೋದಳು. ಮನುಷ್ಯರ ಚಿತ್ರ ಒಂದೂ ಇಲ್ಲ. ಬರೀ ಹೆಸರು, ಬರೀ ಜಾಗ. ಬರಹ ಎಲ್ಲ ಒಂದೇ ದಿಕ್ಕಿನಲ್ಲಿಲ್ಲ, ಓದಬೇಕಾದರೆ ಪುಸ್ತಕವನ್ನೇ ತಿರುಗಿಸಬೇಕು. ಅಂದರೆ ಓದುವವನು ಆ ಬಯಲಿನ ಸುತ್ತ ನಡೆದ ಹಾಗೆ ಆಗುತ್ತದೆ ಅಲ್ವಾ?

ಅಕ್ಕ ತನ್ನ ಪ್ರಶ್ನೆ ಕೇಳಿದಳು. ಯಾರಿಗೋಸ್ಕರ?

ಹುಡುಗಿ ನಕ್ಕು ಒಂದು ಹೆಸರು ಹೇಳಿದಳು: ಬದ್ರ್ ಅಲ್ ಹಬಶಿ. ಇಥಿಯೋಪಿಯಾ ಮೂಲದವರು, ಗುಲಾಮಗಿರಿಯಿಂದ ಬಿಡುಗಡೆಯಾದವರು, ಇಬ್ನ್ ಅರಬಿಯ ಜೊತೆ ಊರೂರು ತಿರುಗಿದ ಗೆಳೆಯ. ಫುತೂಹಾತ್‌ಗೂ ಮುಂಚೆ, 1201ರಲ್ಲಿ ಟುನಿಸ್‌ನಲ್ಲಿ, ಇಬ್ನ್ ಅರಬಿ ‘ಇನ್ಶಾ ಅದ್ ದವಾಇರ್’ ಎಂಬ ಚಿಕ್ಕ ಪುಸ್ತಕ ಶುರು ಮಾಡಿದರು. ವೃತ್ತಗಳನ್ನು ರಚಿಸುವುದು ಅಂತ ಅದರ ಅರ್ಥ. ಮಾತಿನಲ್ಲಿ ಹಿಡಿಯಲು ಕಷ್ಟವಾದ ವಿಚಾರ ಈ ಗೆಳೆಯನಿಗೆ ಸಲೀಸಾಗಿ ತಿಳಿಯಲಿ ಅಂತ ಅದರಲ್ಲಿ ಕೋಷ್ಟಕ, ವೃತ್ತ ಬರೆದುಕೊಟ್ಟರು.

ಅಕ್ಕ ಏನೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಬದ್ರ್’ ಅಂತ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಆಮೇಲೆ ನೋಡಿದ್ದು ನಂತರದ ಕಾಲದ ಯಾರೋ ಲಿಪಿಕಾರ ಬರೆದ ಒಂದು ವಿಶ್ವಚಕ್ರ. ಇದು ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿದೆ. ನಡುವೆ ಭೂಮಿ, ಅದರ ಸುತ್ತ ನೀರು, ಗಾಳಿ, ಬೆಂಕಿ. ಆಮೇಲೆ ಏಳು ಆಕಾಶ: ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿ. ಅದರಾಚೆ ಚಂದ್ರನ ಮನೆಗಳ ಬಳೆ, ಅದರಾಚೆ 12 ರಾಶಿ. ಎಲ್ಲಕ್ಕೂ ಹೊರಗೆ ಪಾದಪೀಠ, ಸಿಂಹಾಸನ. ಮುಸ್ಲಿಂ ಸಂಪ್ರದಾಯದಲ್ಲಿ ಒಂದು ಮಾತಿದೆಯಂತೆ. ಪಾದಪೀಠದ ಮುಂದೆ ಏಳು ಆಕಾಶಗಳು ಮರುಭೂಮಿಯಲ್ಲಿ ಬಿದ್ದ ಉಂಗುರದ ಹಾಗೆ. ಸಿಂಹಾಸನದ ಮುಂದೆ ಆ ಪಾದಪೀಠವೂ ಹಾಗೇ. ಅಂಗೈಯಷ್ಟು ಹಾಳೆಯಲ್ಲಿ ಇದನ್ನು ತೋರಿಸುವುದು ಹೇಗೆ? ಬಳೆಯೊಳಗೆ ಬಳೆ ಇಡುವುದು, ಅಷ್ಟೇ. ಉಳಿದದ್ದನ್ನು ನೋಡುವವನು ಮನಸ್ಸಿನಲ್ಲಿ ಹಿಗ್ಗಿಸಿಕೊಳ್ಳಬೇಕು.

ಇಬ್ನ್ ಅರಬಿಯ ಲೆಕ್ಕದಲ್ಲಿ ಆ ನಕ್ಷತ್ರಗಳ ಗೋಳದ ಮೇಲ್ಮೈಯೇ ಸ್ವರ್ಗದ ನೆಲ, ಅದರ ಒಳಮೈ ನರಕದ ಸೂರು. ಒಂದೇ ಗೆರೆಯ ಆಚೆ ಈಚೆ. ಹುಡುಗಿ ಇದನ್ನು ಹೇಳಿದಾಗ ನಾನು ಪರದೆಯ ಮೇಲಿನ ಆ ತೆಳು ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದೆ.

ಚಂದ್ರನ ಮನೆಗಳ ಹೆಸರನ್ನು ಅವಳು ಓದತೊಡಗಿದಳು. ಶರತೈನ್, ಬುತೈನ್, ಸುರಯ್ಯಾ, ದಬರಾನ್... ಅಕ್ಕ ಬೆರಳು ಮಡಚುತ್ತಾ ಕನ್ನಡದಲ್ಲಿ ಹೇಳಿದಳು, “ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ.” ಅವೇ ನಕ್ಷತ್ರಗಳು! ಸುರಯ್ಯಾ ಅಂದರೆ ನಮ್ಮ ಕೃತ್ತಿಕೆ. ಆದರೆ ಇಲ್ಲಿ ಮನೆಗಳು 28. ನಮ್ಮಲ್ಲಿ 27 ಅಲ್ವಾ ಅಂದೆ. “ಅಭಿಜಿತ್ ಸೇರಿಸಿದ್ರ ನಮ್ಮದೂ 28 ಆಗ್ತದ” ಅಂದಳು ಅಕ್ಕ. ಅರಬ್ಬಿಯಲ್ಲಿ ಅಕ್ಷರಗಳೂ 28. ಇಬ್ನ್ ಅರಬಿ ಒಂದೊಂದು ಮನೆಗೆ ಒಂದೊಂದು ಅಕ್ಷರ, ಒಂದೊಂದು ದೇವರ ಹೆಸರು ಜೋಡಿಸಿದ್ದಾರೆ. ಉಸಿರಿನಿಂದ ಅಕ್ಷರ ಹುಟ್ಟಿದ ಹಾಗೆ ಸೃಷ್ಟಿ ಹುಟ್ಟಿತು ಎಂಬುದು ಅವರ ನೋಟ.

ಅಷ್ಟರಲ್ಲಿ ಅಕ್ಕ ಪರದೆಗೆ ಮೂಗು ತಾಗುವಷ್ಟು ಬಾಗಿದಳು. “ಇಲ್ಲಿ ನೋಡೋ. ಕೊನೀ ಮನಿ ಸಣ್ಣದೈತಿ.”

ಹೌದು. ಕೊನೆಯ ಮನೆ ಬತ್ನುಲ್ ಹೂತ್, ಮೀನಿನ ಹೊಟ್ಟೆ. ಉಳಿದ ಮನೆಗಳ ಮುಕ್ಕಾಲು ಪಾಲಷ್ಟೇ ಅಗಲ. ಹೆಸರು ಹಿಡಿಸದೆ ಲಿಪಿಕಾರ ಅಕ್ಷರಗಳನ್ನು ಒತ್ತಿ ಒತ್ತಿ ಬರೆದಿದ್ದಾನೆ.

“28 ಅಂದ್ರ ನಾಲ್ಕೇಳ್ಲೆ. ನಾಲ್ಕು ಭಾಗ ಸಲೀಸು. ಏಳು ಭಾಗ ಕೈವಾರ, ಅಳತೆಪಟ್ಟಿಯಿಂದ ಆಗೂದಿಲ್ಲಪಾ. ಪಕ್ಕಾ ಆಗೂದೇ ಇಲ್ಲ. ಅಂದಾಜಿನ ಮ್ಯಾಲೆ ಹೆಜ್ಜಿ ಹಾಕ್ಕೋತ ಬಂದಾನ, ಕೊನೀಗೆ ಜಾಗ ಕಡಿಮಿ ಬಿದ್ದೈತಿ.” ಅವಳ ಕಣ್ಣಲ್ಲಿ ನೀರಿತ್ತು. ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯನ ಕೈ ಅಲ್ಲಿ ಸಿಕ್ಕಿತ್ತು ಅವಳಿಗೆ.

ನಡುವೆ ಭೂಮಿಯ ವೃತ್ತದಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಮಸಿ ಅಂದುಕೊಂಡೆ. ಹುಡುಗಿ ಮುಂದಿನ ಪುಟ ತೆಗೆದಳು. ಅಲ್ಲೂ ಬರಹದ ಸಾಲುಗಳ ನಡುವೆ ಅದೇ ಜಾಗದಲ್ಲಿ ಅದೇ ಚುಕ್ಕೆ. ಮಸಿಯಲ್ಲ, ತೂತು. ಕೈವಾರದ ಮೊನೆ ಚುಚ್ಚಿದ್ದು.

ಮಧ್ಯಾಹ್ನ ಮಸೀದಿ ಎದುರಿನ ಸಾಲಂಗಡಿಯಲ್ಲಿ ಬಿಳಿ ಬೀನ್ಸ್ ಪಲ್ಯ, ಅನ್ನ ತಿಂದೆವು. ಕುರು ಫಸೂಲ್ಯೆ ಅಂತಾರೆ. ಹಲವು ಕಡೆ ಮಾಂಸ ಹಾಕಿ ಬೇಯಿಸುತ್ತಾರೆ, ಸಸ್ಯಾಹಾರಿಗಳು ಮೊದಲೇ ‘ಎತ್ಸಿಜ್’ ಅಂತ ಕೇಳಿಕೊಳ್ಳಿ. ಅಕ್ಕ ನೋಟ್‌ಬುಕ್ ಅಲ್ಲೇ ಮರೆತಳು. ಅಂಗಡಿ ಹುಡುಗ ಮಳೆಯಲ್ಲಿ ಆ ಜಾರುವ ಕಲ್ಲಿನ ಇಳಿಜಾರಿನಲ್ಲಿ ಓಡಿ ಬಂದು ಕೊಟ್ಟ. ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ, ಒಂದು ಹನಿ ಬಿದ್ದಿರಲಿಲ್ಲ.

ಸಂಜೆ ವೆಫಾ ಓಣಿಯಲ್ಲಿ ಬೋಜಾ ಕುಡಿದೆವು. ಅಂಬಲಿಯ ಹಾಗೆ ಮಂದ, ಹುಳಿಸಿದ್ದು, ಮೇಲೆ ದಾಲ್ಚಿನ್ನಿ ಪುಡಿ ಮತ್ತು ಹುರಿಗಡಲೆ. ಚಳಿಗಾಲದಲ್ಲಿ ಹೋದರೆ ಬಿಡಬೇಡಿ.

ಮೂರನೇ ದಿನ

ಬೆಳಿಗ್ಗೆ ಕೊನ್ಯಾ ರೈಲು. ಟಿಕೆಟ್ ಬೇಗ ಖಾಲಿಯಾಗುತ್ತವೆ, ಮುಂಚೆಯೇ ಮಾಡಿಸಿಕೊಳ್ಳಿ. ಸಪಾಂಜಾ ಕೆರೆ, ಕಣಿವೆಗಳು, ಸುರಂಗಗಳು. ಎಸ್ಕಿಶೆಹಿರ್ ದಾಟಿದ ಮೇಲೆ ಬೆಟ್ಟಗಳು ಹಿಂದೆ ಸರಿದು ನೆಲ ಸಪಾಟಾಯಿತು. ಆಮೇಲೆ ಬಯಲೇ ಬಯಲು. ಹೊಲದಂಚಿನಲ್ಲಿ ಸಕ್ಕರೆ ಬೀಟ್‌ಗಡ್ಡೆಯ ರಾಶಿಗಳು, ಟ್ರ್ಯಾಕ್ಟರ್‌ಗಳು. “ನಮ್ಮ ಕಡೆ ಕಬ್ಬು, ಇಲ್ಲಿ ಗಡ್ಡಿ” ಅಂದಳು ಅಕ್ಕ. ಕಣ್ಣು ಹಾಯುವಷ್ಟು ದೂರ ಸುತ್ತಲೂ ಒಂದೇ ದುಂಡು ಅಂಚು. ಇಂಥ ನೆಲದಲ್ಲಿ ಬೆಳೆದವರಿಗೆ ಲೋಕವನ್ನು ವೃತ್ತ ಅನ್ನಲು ಯಾರೂ ಹೇಳಿಕೊಡಬೇಕಿಲ್ಲ.

ಅಕ್ಕ ದಾರಿಯುದ್ದಕ್ಕೂ ನೂಲು, ಪೆನ್ಸಿಲ್ ಹಿಡಿದು ವೃತ್ತ ಎಳೆಯುತ್ತಾ 28 ಭಾಗ ಮಾಡುತ್ತಿದ್ದಳು. ಒಂದು ಸಲ ಕೊನೆಯ ಮನೆ ಸಣ್ಣದಾಯಿತು. ಇನ್ನೊಂದು ಸಲ ಅಗಲವಾಯಿತು. ರೈಲಿನ ಕುಲುಕಾಟ ಬೇರೆ.

ಕೊನ್ಯಾ ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿದೆ, ಚಳಿ ಮೂಳೆಗೆ ಇಳಿಯುತ್ತದೆ. ರಾತ್ರಿ ಊಟಕ್ಕೆ ಬಾಮ್ಯಾ ಚೋರ್ಬಾಸಿ ಬಂತು. ಬೆಂಡೆಕಾಯಿ ಸಾರು! ಉಗುರಿನಷ್ಟು ಪುಟ್ಟ ಬೆಂಡೆಗಳನ್ನು ದಾರಕ್ಕೆ ಪೋಣಿಸಿ ಒಣಗಿಸಿಟ್ಟು, ನಿಂಬೆಹುಳಿ ಹಾಕಿ ಮಾಡುತ್ತಾರೆ. ಇದರಲ್ಲೂ ಮಾಂಸದ ಚೂರು ಇರುತ್ತದೆ. ನಾನು ತಿಂದೆ, ಅಕ್ಕ ಚೀಸ್ ರೊಟ್ಟಿ ತಿಂದಳು. ಮಾಲೀಕರು ಒಣಬೆಂಡೆಯ ಒಂದು ಸರ ತಂದು ಅವಳ ಕೈಗೆ ಇಟ್ಟರು, ಮಲ್ಲಿಗೆ ಮಾಲೆಯ ಹಾಗೆ.

ನಾಲ್ಕನೇ ದಿನ

ಮೊದಲು ಒಂದು ಸ್ಟೇಷನರಿ ಅಂಗಡಿ. ಕೈವಾರ ಬೇಕು ಅಂತ ಅಕ್ಕ ಎರಡು ಬೆರಳು ಅಗಲಿಸಿ ತಿರುಗಿಸಿ ತೋರಿಸಿದಳು. “ಪೆರ್ಗೆಲ್!” ಅಂದ ಹುಡುಗ. ಅಕ್ಕ ನನ್ನ ಕಡೆ ತಿರುಗಿದಳು. ಅವಳ ಜೊತೆ ಪಾಠ ಮಾಡುತ್ತಿದ್ದ ಉರ್ದು ಮಾಧ್ಯಮದ ಮೇಡಂ ಇದನ್ನು ಪರ್ಕಾರ್ ಅನ್ನುತ್ತಿದ್ದರಂತೆ. ಪಾರ್ಸಿಯ ಒಂದೇ ಮಾತು ಒಂದು ಕಡೆ ಕೊನ್ಯಾಗೆ, ಇನ್ನೊಂದು ಕಡೆ ವಿಜಯಪುರಕ್ಕೆ ಬಂದಿದೆ. ಮಾತಷ್ಟೇ ಅಲ್ಲ, ಇಂಥ ಚಿತ್ರಗಳೂ ಬಂದಿದ್ದವು. ಒಂದನೇ ಅಲಿ ಆದಿಲ್ ಶಾಹನ ಬಿಜಾಪುರದಲ್ಲಿ 1570ರಲ್ಲಿ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ತಯಾರಾಯಿತು. ರಾಶಿಗಳು, ಗ್ರಹಗಳು, ಯಂತ್ರಗಳು, ನಮ್ಮ ಯೋಗಿನಿಯರು ಕೂಡ ಅದರಲ್ಲಿದ್ದಾರೆ. ಈಗ ಅದು ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ನಮ್ಮೂರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಶಾಲೆಯಲ್ಲಿ ಒಮ್ಮೆಯಾದರೂ ಮಕ್ಕಳಿಗೆ ತೋರಿಸಬೇಕು ಅಂತ ನನಗೆ ಬಹಳ ಆಸೆ.

ಕರತಾಯ್ ಮದರಸಾ 1251ರದ್ದು, ಈಗ ಹೆಂಚಿನ ಕಲೆಯ ಮ್ಯೂಸಿಯಂ. ಒಳಗೆ ಹೋಗಿ ತಲೆ ಎತ್ತಿದರೆ ಇಡೀ ಗುಮ್ಮಟ ನಕ್ಷತ್ರಗಳ ಬಲೆ. ಕಪ್ಪು, ನೀಲಿ, ತಿಳಿಹಸಿರು. ಮೂಲೆಗಳಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿದ ತ್ರಿಕೋನಗಳು, ಅವುಗಳಲ್ಲಿ ಮುಹಮ್ಮದ್, ಈಸಾ, ಮೂಸಾ, ದಾವೂದ್, ನಾಲ್ವರು ಖಲೀಫರ ಹೆಸರುಗಳು. ಕೆಳಗೆ ಕೊಳ. ನೆತ್ತಿಯ ಕಿಂಡಿಯಿಂದ ಕೊಳಕ್ಕೆ ಇಳಿದ ನಕ್ಷತ್ರಗಳನ್ನು ನೋಡಿ ಹುಡುಗರು ಖಗೋಳ ಕಲಿಯುತ್ತಿದ್ದರು ಅಂತ ಜನ ಹೇಳುತ್ತಾರೆ. ಹಸ್ತಪ್ರತಿಯ ಹಾಳೆಯಲ್ಲಿ ನೋಡಿದ್ದ ವಿಶ್ವಚಕ್ರದ ಒಳಗೆ ಬಂದು ನಿಂತ ಹಾಗಾಯಿತು. ಅಕ್ಕ ಒಂದು ನಕ್ಷತ್ರದ ಮೊನೆ ಎಣಿಸಿದಳು. 24. “ಇದು ಆಗ್ತದ. ಆರು, ಹನ್ನೆರಡು, ಇಪ್ಪತ್ನಾಲ್ಕು” ಅಂತ ಗಾಳಿಯಲ್ಲಿ ಕೈವಾರ ತಿರುಗಿಸಿದಳು.

ಏಳರ ಗಂಟು ಬಿಚ್ಚಿದ್ದು ಅದೇ ಮಧ್ಯಾಹ್ನ. ಮಳೆಗೆ ಆಸರೆ ಅಂತ ಒಂದು ಬಡಗಿ ಅಂಗಡಿಯ ಸೂರಿನ ಕೆಳಗೆ ನಿಂತಿದ್ದೆವು. ಒಳಗಿನ ಅಜ್ಜ ಕೈಬೀಸಿ ಕರೆದರು. ಕುರ್‌ಆನ್ ಇಡುವ ಮಡಚುವ ಪೀಠಗಳನ್ನು ಮಾಡುತ್ತಾರೆ. ಒಲೆಯ ಮೇಲೆ ಚಹಾ, ನೆಲದ ತುಂಬಾ ವಾಲ್‌ನಟ್ ಮರದ ಹೊಟ್ಟು. ಇಂಗ್ಲಿಷ್ ಓದುವ ಮೊಮ್ಮಗಳು ದುಭಾಷಿಯಾದಳು. ಅಕ್ಕ ಗಣಿತದ ಟೀಚರ್ ಅಂತ ತಿಳಿದ ಕೂಡಲೇ ಅಜ್ಜ ಎದೆಗೆ ಕೈಯಿಟ್ಟು “ಹೊಜಾಮ್” ಅಂದರು. ನನ್ನ ಗುರುಗಳೇ ಅಂತ. ಆಮೇಲೆ ಎಲ್ಲ ಮಾತೂ ಅದರಿಂದಲೇ ಶುರು.

ಅಕ್ಕ ನೋಟ್‌ಬುಕ್ ತೆಗೆದು 28ರ ಕಥೆ ಹೇಳಿದಳು. ಅಜ್ಜ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಒಂದು ಹಲಗೆಯ ಮೇಲೆ ವೃತ್ತ ಎಳೆದರು. ಕೈವಾರದ ಅಗಲ ಬದಲಿಸದೆ, ಅಂಚಿನ ಒಂದು ಬಿಂದುವಿನ ಮೇಲೆ ಮೊನೆಯಿಟ್ಟು ಎಡಬಲ ಎರಡು ಕಡೆ ವೃತ್ತವನ್ನು ಕತ್ತರಿಸಿದರು. ಆ ಎರಡು ಗುರುತನ್ನು ಗೆರೆಯಿಂದ ಸೇರಿಸಿದರು. ಗೆರೆಯ ಅರ್ಧವನ್ನು ಕೈವಾರಕ್ಕೆ ತಗೊಂಡು ವೃತ್ತದ ಮೇಲೆ ಹೆಜ್ಜೆ ಹಾಕಿದರು. ಒಂದು, ಎರಡು, ಮೂರು... ಏಳನೇ ಹೆಜ್ಜೆ ಹೊರಟ ಜಾಗಕ್ಕೇ ಬಂದು ನಿಂತಿತು!

ಅಕ್ಕ ಉಸಿರು ಬಿಗಿಹಿಡಿದು ನೋಡಿದಳು. ನಂತರ ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದಳು. ತ್ರಿಜ್ಯ 1 ಆದರೆ ಅಜ್ಜನ ಹೆಜ್ಜೆ 0.8660. ಬೇಕಾದ್ದು 0.8678. ಹತ್ತು ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ ಏಳು ಹೆಜ್ಜೆ ಸುತ್ತಿ ಬಂದರೆ ಒಂದೂಕಾಲು ಮಿಲಿಮೀಟರಿಗಿಂತ ಚೂರು ಜಾಸ್ತಿ ಕೊರತೆ. ಏಳು ಹೆಜ್ಜೆಗೆ ಹಂಚಿದರೆ ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುವಷ್ಟು. ಅಜ್ಜನಿಗೆ ಇದನ್ನು ಅವರ ಗುರು ಕಲಿಸಿದ್ದಂತೆ. ಹತ್ತನೇ ಶತಮಾನದಲ್ಲಿ ಬಾಗ್ದಾದಿನ ಅಬುಲ್ ವಫಾ, ಕುಶಲಕರ್ಮಿಗಳಿಗೆಂದೇ ಬರೆದ ಜ್ಯಾಮಿತಿಯ ಪುಸ್ತಕದಲ್ಲಿ ಇದೇ ಉಪಾಯ ಹೇಳಿದ್ದಾರೆ ಅಂತ ಆಮೇಲೆ ಓದಿ ತಿಳಿದೆ. ಅದೇ ಕಾಲದಲ್ಲಿ ಅಲ್ ಕೂಹಿ ಶಂಕುಛೇದಗಳನ್ನು, ಅಂದರೆ ಶಂಕುವನ್ನು ಕತ್ತರಿಸಿದಾಗ ಸಿಗುವ ಬಾಗುಗೆರೆಗಳನ್ನು ಬಳಸಿ ಪಕ್ಕಾ ಉತ್ತರವನ್ನೂ ಕೊಟ್ಟಿದ್ದರು. ಆದರೆ ಹಲಗೆಯ ಮೇಲೆ ನಡೆಯುವುದು ಈ ಅರ್ಧಗೆರೆ.

ಸಂಜೆ ಸದ್ರುದ್ದೀನ್ ಕೊನೆವಿಯವರ ಸಮಾಧಿಗೆ ಹೋದೆವು. ಚಿಕ್ಕ ಮಸೀದಿ, ಪಕ್ಕದಲ್ಲಿ ಗೋರಿ. ಅವರು ತೀರಿಕೊಂಡದ್ದು 1274ರಲ್ಲಿ, ಮೌಲಾನಾ ರೂಮಿ ಹೋದ ಮರುವರ್ಷ. ನನ್ನ ಗೋರಿಯ ಮೇಲೆ ಸೂರು ಕಟ್ಟಬೇಡಿ ಅಂತ ಉಯಿಲಿನಲ್ಲಿ ಬರೆದಿದ್ದರು. ಕಲ್ಲಿನ ಕಟ್ಟೆಯ ಮೇಲೆ ಮರದ ಪಟ್ಟಿಗಳ ಗೋಪುರದಾಕಾರ ಇದೆ, ಆದರೆ ಮುಚ್ಚಿಲ್ಲ. ಮಳೆ ನೇರ ಒಳಗೆ ಬೀಳುತ್ತಿತ್ತು. ಗುರು ಬರೆದ 37 ಸಂಪುಟಗಳನ್ನು ಕಾಪಾಡಿ ನಮ್ಮ ಕಾಲದವರೆಗೆ ದಾಟಿಸಿದವರು ಇವರು. ಆ ಸಂಪುಟಗಳಲ್ಲಿ, ಗ್ರಂಥವನ್ನು ಗಟ್ಟಿಯಾಗಿ ಓದಿದಾಗ ಕೂತು ಕೇಳಿದವರ ಹೆಸರುಗಳನ್ನೂ ಬರೆದಿಟ್ಟಿದ್ದಾರೆ. ಅಕ್ಕ ಛತ್ರಿ ಮಡಚಿ ಸ್ವಲ್ಪ ಹೊತ್ತು ಹಾಗೇ ನಿಂತಳು. ನಾನೂ ಮಡಚಿದೆ.

ಇಬ್ನ್ ಅರಬಿ ಹೇಳಿದ್ದು ಅಲ್ಲಿ ನನಗೆ ನೆನಪಾಯಿತು. ನಡುವಿನ ಬಿಂದುವಿನಿಂದ ಅಂಚಿಗೆ ಎಷ್ಟು ಗೆರೆ ಎಳೆದರೂ ಎಲ್ಲವೂ ಒಂದೇ ಉದ್ದ. ಒಂದೊಂದು ಗೆರೆಗೂ ಬಿಂದು ಪೂರ್ತಿಯಾಗಿ ಎದುರಾಗುತ್ತದೆ, ಆದರೂ ಅದು ಹಲವಾಗುವುದಿಲ್ಲ. ಒಂದೇ ಇರುವಾತನಿಂದ ಇಷ್ಟೆಲ್ಲ ಹೇಗೆ ಬಂತು ಎಂಬುದಕ್ಕೆ ಅವರು ಕೊಟ್ಟ ಉತ್ತರ ಅದು. ಓದಿದಾಗ ಅರ್ಥವಾಗಿರಲಿಲ್ಲ. ಆ ಮಧ್ಯಾಹ್ನ ಅಜ್ಜನ ಹಲಗೆಯ ಮೇಲೆ ಮೊನೆ ಊರಿ ಕೈವಾರ ತಿರುಗುವುದನ್ನು ನೋಡಿದ ಮೇಲೆ ಆಯಿತು.

ಐದನೇ ದಿನ

ಭಾನುವಾರ. ಕೊನೆವಿಯವರ ಪುಸ್ತಕಗಳಿರುವ ಯೂಸುಫ್ ಆಗಾ ಗ್ರಂಥಾಲಯದ ಬಾಗಿಲು ಹಾಕಿತ್ತು. ನೀವು ವಾರದ ದಿನ ಇಟ್ಟುಕೊಳ್ಳಿ. ಪಕ್ಕದಲ್ಲೇ ರೂಮಿಯವರ ಸಮಾಧಿ ಇರುವ ಮೌಲಾನಾ ಮ್ಯೂಸಿಯಂ. ನಾವು ಹೋದಾಗ ಟಿಕೆಟ್ ಇರಲಿಲ್ಲ, ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಹೋದೆವು. ಅಲ್ಲಿ ರೂಮಿಯವರ ದೊಡ್ಡ ಕಾವ್ಯ ‘ಮಸ್ನವಿ’ಯ 1278ರ ಹಸ್ತಪ್ರತಿ ಇದೆ. ಜನ ಬಹಳ, ಆದರೆ ಗದ್ದಲವಿಲ್ಲ. ಬಿಳಿ ಸಕ್ಕರೆ ಮಿಠಾಯಿ ಒಂದು ಡಬ್ಬಿ ತಗೊಂಡು ರೈಲಿಗೆ ಓಡಿದೆವು. ಹೊಸ ಕೈವಾರ ಈ ಸಲ ದೊಡ್ಡ ಬ್ಯಾಗಿನ ತಳದಲ್ಲಿ, ಬಟ್ಟೆ ಸುತ್ತಿ.

ಊರಿಗೆ ಬಂದು ಮೂರು ವಾರಕ್ಕೆ ಅಕ್ಕ ಒಂದು ಡ್ರಾಯಿಂಗ್ ಹಾಳೆ ತೆಗೆದಿಟ್ಟಿದ್ದಳು. ನಾಲ್ಕು ದಿಕ್ಕಿನ ನಾಲ್ಕು ಬಿಂದುವಿನಿಂದ ಏಳೇಳು ಹೆಜ್ಜೆ, ಒಟ್ಟು 28 ಮನೆ. ಒಳಗೆ ಕನ್ನಡದಲ್ಲಿ ಅಶ್ವಿನಿಯಿಂದ ರೇವತಿವರೆಗೆ, ಉತ್ತರಾಷಾಢ ಮತ್ತು ಶ್ರವಣದ ನಡುವೆ ಅಭಿಜಿತ್. ಹೊರಗೆ ಕನ್ನಡ ಲಿಪಿಯಲ್ಲೇ ಶರತೈನ್‌ನಿಂದ ಬತ್ನುಲ್ ಹೂತ್‌ವರೆಗೆ. ಅಲ್ಲಲ್ಲಿ ಮನೆಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇವೆ. ಅವಳು ತಿದ್ದಿಲ್ಲ. ರಟ್ಟಿನ ನಡುವೆ ಇಟ್ಟು, ಮೇಲೆ ಕೊನ್ಯಾದ ಬಡಗಿ ಅಜ್ಜನ ವಿಳಾಸ ಬರೆದಳು. ಇಬ್ಬರೂ ಅಂಚೆ ಕಚೇರಿಗೆ ಹೋದೆವು. ಒಳಗೇನಿದೆ ಅಂತ ಕೌಂಟರಿನಲ್ಲಿ ಕೇಳಿದಾಗ ಅಕ್ಕ, “ಒಬ್ಬರಿಗೆ ತೋರಿಸಬೇಕಿತ್ತು, ಚಿತ್ರ ತಗದೇನಿ” ಅಂದಳು.